ಹಿಡಿದಿದ್ದೀಯಾ

ಶುಕ್ರವಾರದ ನಮಾಜಿಗೆ ಹೊರಟ ಬೀರಾನಿಕ್ಕ
ಬೀಗದ ಗೊಂಚಲನ್ನೂ ಒಂದು ಮಾತನ್ನೂ ಬಿಟ್ಟು ಹೋದ:
‘ಸುತ್ತಿಗೆ ಮುಟ್ಟಬೇಡ.’

ಮಕ್ಕಂದೂರಿನ ತಗಡಿನ ಶೆಡ್ಡು. ರೇಡಿಯೇಟರ್ ಕಳಚಿದ ನನ್ನ ಜೀಪು
ಹಲ್ಲು ಕೀಳಿಸಿಕೊಂಡವನ ಹಾಗೆ ಬಾಯಿ ತೆರೆದು ನಿಂತಿತ್ತು.
ಹಳೆಯ ಬ್ಯಾಲೆನ್ಸರು ನೆಲದ ಮೇಲೆ.
ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ಇದ್ದ ರಬ್ಬರು
ಬಿಸಿಲಿಗೆ ಹಾಕಿದ ಪಣಪುಳಿಯ ಸಿಪ್ಪೆಯಾಗಿ
ಉಗುರು ಸೋಕಿದರೆ ಉದುರುತ್ತಿತ್ತು.
ಬಳೆ ತನ್ನ ಪಾಡಿಗೆ ಜಾರಿ ತಿಂಗಳಾಗಿತ್ತು,
ಟೈಮಿಂಗ್ ಗೆರೆ ಸುಳ್ಳು ಹೇಳುತ್ತಿತ್ತು,
ಮಾಂದಲಪಟ್ಟಿಯ ಏರಿನಲ್ಲಿ, ಎರಡನೇ ಗೇರಿಗೆ,
ಸ್ಟೇರಿಂಗು ನನ್ನ ಮೊಣಕೈವರೆಗೂ ಮಾತಾಡುತ್ತಿತ್ತು.
ಹಿಂದೆ ಕೂತ ಪ್ರವಾಸಿಗಳು ರಸ್ತೆಯ ತಪ್ಪು ಅಂದುಕೊಂಡರು.
ನಾನೂ ಹಾಗೇ ಹೇಳಿದೆ.

ಹೊಸದು ಮೈಸೂರಿನಿಂದ ಕೆಂಪು ಬಸ್ಸಿನಲ್ಲಿ ಬಂತು,
ಕಂಡಕ್ಟರನ ಸೀಟಿನ ಕೆಳಗೆ, ಹಳೇ ಪೇಪರು ಸುತ್ತಿಕೊಂಡು,
ಮೂರು ತಿಂಗಳ ಕೂಸಿನ ತೂಕ.
ಬೆಂಕಿ ತೋರಿಸಿದರೆ ರಬ್ಬರು ಸಾಯುತ್ತದೆ;
ಕುದಿನೀರಿಗೆ ಕಬ್ಬಿಣ ಕೂದಲೆಳೆಯಷ್ಟು ಹಿಗ್ಗುತ್ತದೆ,
ಅಷ್ಟು ಸಾಕು. ಬೀರಾನಿಕ್ಕನ ಹೆಂಡತಿಯ
ಬಿರಿಯಾನಿ ಚೆಂಬಿನಲ್ಲಿ ಅದಕ್ಕೆ ಸ್ನಾನವಾಯಿತು.

ಕ್ರ್ಯಾಂಕಿನ ಮೂಗಿಗೆ ಎಣ್ಣೆ. ಸೀಲಿನ ತುಟಿಗೂ.
ಅರ್ಧಚಂದ್ರದ ಕೀಲಿ ತನ್ನ ಕುಳಿಯಲ್ಲಿ ಕೂತಿದೆಯೇ ಎಂದು
ಹೆಬ್ಬೆರಳಿನಿಂದ ಕೇಳಿಕೊಂಡೆ,
ಗುಂಬದ ಸೀಳನ್ನು ಕೀಲಿಗೆ ನೇರ ಹಿಡಿದು ದೂಡಿದೆ.
ಅರ್ಧ ಬೆರಳು ಹೋಯಿತು. ನಿಂತಿತು.

ಇಲ್ಲೇ ಕೈ ಸುತ್ತಿಗೆಯ ಕಡೆ ಹೋಗುವುದು.
ಹೊಡೆದರೆ ಹೋಗುತ್ತದೆ, ನಿಜ;
ಆದರೆ ಆ ಏಟು ಶಾಫ್ಟಿನುದ್ದಕ್ಕೂ ನಡೆದು
ಕತ್ತಲಲ್ಲಿ ಕೂತ ತೆಳ್ಳನೆ ಬೇರಿಂಗಿನ ಬೆನ್ನು ಮುರಿಯುತ್ತದೆ.
ಅದು ಇವತ್ತು ಅಳುವುದಿಲ್ಲ.
ಗಾಳಿಬೀಡಿನ ಇಳಿಜಾರಿನಲ್ಲಿ, ಯಾವತ್ತೋ.

ಉದ್ದನೆ ಸ್ಟಡ್ಡು ಹಾಕಿದೆ. ದಪ್ಪ ವಾಷರು. ನಟ್ಟು.
ತಿರುಗಿಸಿದರೆ ನಟ್ಟಿನ ಜೊತೆ ಕ್ರ್ಯಾಂಕೂ ತಿರುಗಿ
ಇಡೀ ಎಂಜಿನ್ನು ನನ್ನನ್ನು ನೋಡಿ ಆಕಳಿಸಿತು.
ಇನ್ನೊಬ್ಬ ಬೇಕು, ಅಡಿಯಲ್ಲಿ ಮಲಗಿ
ಫ್ಲೈವೀಲಿನ ಹಲ್ಲಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿಯುವವನು.

ಪಂಕ್ಚರಾದ ಟೈರು ಉರುಳಿಸಿಕೊಂಡು ಬಂದವನು ಬೆಳ್ಯಪ್ಪ.
ಬೇರೆ ಯಾರೂ ಅಲ್ಲ, ಅವನೇ ಬರಬೇಕಿತ್ತು.
ಮೇ ತಿಂಗಳಲ್ಲಿ ನನ್ನ ಜೀಪು ಕೆಸರಿಗಿಳಿದಾಗ
ಎಳೆದು ಹಾಕಿ, ಎಲ್ಲರೆದುರು, ಹಗ್ಗಕ್ಕೆ ಇನ್ನೂರು ಕೇಳಿದವನು.
ಕೊಟ್ಟೆ. ಅಂದಿನಿಂದ ಸ್ಟ್ಯಾಂಡಿನಲ್ಲಿ ನಮ್ಮಿಬ್ಬರ ಮಧ್ಯೆ
ಮೂರನೆಯ ಜೀಪು ನಿಲ್ಲುವಷ್ಟು ಜಾಗ.

ಕಳಚಿಟ್ಟ ರೇಡಿಯೇಟರ್ ನೋಡಿದ, ಸ್ಟಡ್ಡು ನೋಡಿದ,
ನನ್ನನ್ನು ಮಾತ್ರ ನೋಡಲಿಲ್ಲ.
ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ
ಗೋಣಿಚೀಲ ಎಳೆದುಕೊಂಡು ಅಡಿಗೆ ಹೋದ.
ಎರಡು ಚಪ್ಪಲಿ ಹೊರಗೆ ಉಳಿದವು.

‘ಹಿಡಿದಿದ್ದೀಯಾ?’
‘ಹ್ಞೂಂ.’
ಐದು ತಿಂಗಳಿಗೆ ಮೊದಲ ಮಾತು.

ನಾನು ಎಳೆದಷ್ಟನ್ನೂ ಅವನು ಆ ತುದಿಯಲ್ಲಿ ತಡೆದ.
ಮುಖ ಕಾಣದು; ನಾಲ್ಕು ಪಿಸ್ಟನ್ನುಗಳಾಚೆಯ ಅವನ ಮಣಿಕಟ್ಟು
ಸ್ಪ್ಯಾನರಿನ ಹಿಡಿಯಲ್ಲಿ ನನಗೆ ತಿಳಿಯುತ್ತಿತ್ತು.
ಕಾಲು ಸುತ್ತು. ಕಾಲು ಸುತ್ತು.
ಗುಂಬ ಕಿರುಗುಟ್ಟುತ್ತ ಒಂದು ಭತ್ತದಷ್ಟು ಒಳಗೆ,
ಮತ್ತೊಂದು ಭತ್ತ.
ಒಮ್ಮೆ ಅವನ ಕೈ ಜಾರಿತು. ಕೊಡವ ತಕ್ಕಿನಲ್ಲಿ ಏನೋ ಬೈದ,
ಎಂಜಿನ್ನಿಗೋ ನನಗೋ. ಕೇಳಲಿಲ್ಲ.
ಆಮೇಲೆ ಕಿರುಗು ನಿಂತು, ಗುದ್ದಲಿಗೆ ಬಂಡೆ ಸಿಕ್ಕ ಹಾಗೆ
ಕೂತಿತು.
ಸ್ಟಡ್ಡು ತೆಗೆದು, ಅದರದೇ ಬೋಲ್ಟು ಹಾಕಿ,
ಟಾರ್ಕ್ ರೆಂಚು ‘ಟಕ್’ ಅನ್ನುವ ತನಕ
ಅವನು ಬಿಡಲಿಲ್ಲ.

ಬೆಲ್ಟು, ರೇಡಿಯೇಟರ್, ನೀರು. ಚಾಲೂ ಮಾಡಿದಾಗ
ಬಾನೆಟ್ಟಿನ ಮೇಲಿಟ್ಟ ಬೆಲ್ಲದ ಕಾಫಿಯಲ್ಲಿ
ಸಣ್ಣ ಉಂಗುರಗಳೆದ್ದು ಲೋಟದ ಅಂಚು ಮುಟ್ಟುವ ಮೊದಲೇ ಸತ್ತವು.
ನಡುಕ ಎಲ್ಲೂ ಹೋಗಿಲ್ಲ, ಹೊಸ ರಬ್ಬರು ನುಂಗುತ್ತಿದೆ,
ಎಷ್ಟು ವರ್ಷವೋ.

ಬೆಳ್ಯಪ್ಪ ಲೋಟ ಎತ್ತಿ ಕುಡಿದ, ನನ್ನದನ್ನೇ.
ಸ್ಕ್ರೂಡ್ರೈವರನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ:
‘ಮೂತಿ ಸೊಟ್ಟಗಾಗಿದೆ. ಬೀರಾನಿಕ್ಕ ಕೇಳಿದರೆ
ನೀನೇ ಮಾಡಿದ್ದು ಅನ್ನು.’
‘ಅದಕ್ಕೆ ಇನ್ನೂರಾಗುತ್ತದೆ.’

ನಗಲಿಲ್ಲ. ಅಂಗಿ ತೊಟ್ಟು, ಟೈರು ಉರುಳಿಸಿಕೊಂಡು
ತಿರುವಿನ ತನಕ ಹೋದ ಮೇಲೆ
ಇಬ್ಬರಿಗೂ ಒಟ್ಟಿಗೇ ನೆನಪಾಯಿತು,
ಪಂಕ್ಚರು ಹಾಗೇ ಇದೆ.